ಹೆಸರು ಗೊತ್ತಿಲ್ಲದವರಿಗೂ ದಾರಿ ಸಿಗಬೇಕು: ಕನ್ನಡ ವಿಕಿಪೀಡಿಯದ ವರ್ಗಗಳ ಬಗ್ಗೆ

(ಹಾಸನದಲ್ಲಿ ಹೊಸ ಸಂಪಾದಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಲೇಖನ ಬರೆಯುವುದು ಹೇಗೆ, ಉಲ್ಲೇಖ ಕೊಡುವುದು ಹೇಗೆ ಅಂತ ಬೆಳಿಗ್ಗೆಯಿಂದ ಕೇಳಿದ್ದೀರಿ. ನನ್ನ ಪಾಲಿಗೆ ಬಂದಿರುವುದು ಪುಟದ ಕಟ್ಟಕಡೆಯಲ್ಲಿ ಇರುವ ಒಂದು ಸಣ್ಣ ಸಾಲು. 'ವರ್ಗಗಳು' ಅಂತ ಶುರುವಾಗುತ್ತದೆ, ಒಂದೇ ಬಗೆಯ ಪುಟಗಳನ್ನು ಗುಂಪು ಮಾಡುವ ಹೆಸರುಗಳು ಅಲ್ಲಿರುತ್ತವೆ. ಬರೆಯುವವರು ಅದನ್ನು ಆತುರದಲ್ಲಿ ಸೇರಿಸುತ್ತಾರೆ, ಓದುವವರು ನೋಡದೇ ಬಿಡುತ್ತಾರೆ. ಇದರ ಬಗ್ಗೆ ಮಾತಾಡುವುದಕ್ಕೆ ಏನಿದೆ ಅನ್ನಿಸಬಹುದು. ಜಾಸ್ತಿಯೇ ಇದೆ.

ಹುಡುಕುವ ಪೆಟ್ಟಿಗೆ ಇರುವುದು ಹೆಸರು ಗೊತ್ತಿರುವವರಿಗೆ. ನಿಮಗೆ ಹೊಯ್ಸಳರ ಗುಡಿ ಇರುವ ದೊಡ್ಡಗದ್ದವಳ್ಳಿ ಗೊತ್ತು, ಟೈಪ್ ಮಾಡುತ್ತೀರಿ. ಬೀದರ್‌ನಲ್ಲಿ ಕೂತ ಹುಡುಗಿಗೆ ಬೇಲೂರು ಗೊತ್ತು, ಆದರೆ ದೊಡ್ಡಗದ್ದವಳ್ಳಿ ಅನ್ನೋ ಊರು ಇದೆ ಅಂತಲೇ ಗೊತ್ತಿಲ್ಲ. ಅವಳು ಏನು ಟೈಪ್ ಮಾಡಬೇಕು? ವರ್ಗ ಇರುವುದು ಅವಳಿಗಾಗಿ. ಹಾಗಾಗಿ ಅವಳು ನಿಂತ ಕಡೆಯಿಂದ ನೋಡಿ ಅದನ್ನು ಕಟ್ಟಬೇಕು. ಬಸ್ ನಿಲ್ದಾಣದಲ್ಲಿ 'ಬೇಲೂರು, ಚಿಕ್ಕಮಗಳೂರು ಕಡೆ' ಅಂತ ಬೋರ್ಡು ಹಾಕುತ್ತಾರೆ, ಬಸ್ಸು ಯಾವ ಡಿಪೋದ್ದು ಅನ್ನುವುದರ ಮೇಲೆ ಸಾಲು ನಿಲ್ಲಿಸುವುದಿಲ್ಲ, ಅಲ್ವಾ? ನಾವು ಮಾಡಿಟ್ಟಿರುವ ಎಷ್ಟೋ ವರ್ಗಗಳು ಡಿಪೋ ಲೆಕ್ಕದವು.

ಆ ಹುಡುಗಿಯ ಜೊತೆಗೇ ಒಂದು ಸುತ್ತು ಹೋಗೋಣ. ಬೇಲೂರಿನ ಚೆನ್ನಕೇಶವ ದೇವಾಲಯದ ಪುಟ ಓದಿದಳು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು ಅಂತ ತಿಳಿಯಿತು. ಇಂಥವು ಇನ್ನೂ ಬೇಕು ಅನ್ನಿಸಿತು. ಕೆಳಗೆ 'ಹಾಸನ ಜಿಲ್ಲೆಯ ದೇವಾಲಯಗಳು' ಅಂತ ಒಂದು ವರ್ಗ ಇದೆ ಅಂದುಕೊಳ್ಳಿ. ಒತ್ತಿದಳು. ಹಳೇಬೀಡು, ಮೊಸಳೆ, ಕೋರವಂಗಲ, ಅರಸೀಕೆರೆಯ ಗುಡಿಗಳು ಸಿಗುತ್ತವೆ. ಬೆಳವಾಡಿ ಸಿಗುವುದಿಲ್ಲ. ವೀರನಾರಾಯಣನ ಆ ದೊಡ್ಡ ಗುಡಿ ಹಳೇಬೀಡಿಗೆ ಹತ್ತಿರದಲ್ಲೇ ಇದೆ, ಆದರೆ ಚಿಕ್ಕಮಗಳೂರು ಜಿಲ್ಲೆಗೆ ಸೇರಿದೆ. ತರೀಕೆರೆ ತಾಲ್ಲೂಕಿನ ಅಮೃತಾಪುರವೂ ಅಷ್ಟೆ. ಹೊಯ್ಸಳರ ಮೂಲ ಅನ್ನುವ ಅಂಗಡಿ ಗ್ರಾಮ ಇರುವುದು ಮೂಡಿಗೆರೆ ತಾಲ್ಲೂಕಿನಲ್ಲಿ. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಬೇಲೂರು, ಹಳೇಬೀಡಿನ ಜೊತೆ ಸೇರಿದ ಸೋಮನಾಥಪುರ ಮೈಸೂರು ಜಿಲ್ಲೆಯದು. ಹೊಯ್ಸಳರಿಗೆ ನಮ್ಮ ಜಿಲ್ಲೆಯ ಗಡಿ ಗೊತ್ತಿರಲಿಲ್ಲ ಪಾಪ.

ಹಾಗಂತ 'ಹಾಸನ ಜಿಲ್ಲೆಯ 12ನೇ ಶತಮಾನದ ಹೊಯ್ಸಳ ವಿಷ್ಣು ದೇವಾಲಯಗಳು' ಅಂತ ಹೊಸ ವರ್ಗ ಮಾಡಬೇಕಾ? ಬೇಡ. ಅಂಥವು ಹತ್ತು ಮಾಡಿದರೆ ಒಂದೊಂದರಲ್ಲಿ ಎರಡೆರಡು ಪುಟ ಇರುತ್ತವೆ. ಓದುವವರು ಬಾಗಿಲು ತೆಗೆದು ತೆಗೆದೇ ಸುಸ್ತಾಗುತ್ತಾರೆ.

ಗ್ರಂಥಾಲಯದವರು ಈ ತೊಡಕನ್ನು ಬಹಳ ಹಿಂದೆಯೇ ಎದುರಿಸಿದ್ದಾರೆ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1933ರಲ್ಲಿ ಕೊಟ್ಟ, ಪುಸ್ತಕಗಳನ್ನು ವಿಂಗಡಿಸುವ ಕೋಲನ್ ವರ್ಗೀಕರಣದ ಗುಟ್ಟು ಇದೇ. ಪ್ರತಿ ವಿಷಯಕ್ಕೂ ಸಿದ್ಧ ಗೂಡು ಮಾಡಿಡುವ ಬದಲು, ವಿಷಯದ ಮುಖಗಳನ್ನು ಬಿಡಿಬಿಡಿಯಾಗಿ ಗುರುತಿಸಿ ಬೇಕಾದಾಗ ಜೋಡಿಸಿಕೊಳ್ಳುವುದು. ಅವರ ಐದು ಮುಖಗಳಲ್ಲಿ ಸ್ಥಳವೂ ಒಂದು, ಕಾಲವೂ ಒಂದು. ಓದುಗರ ಸಮಯ ಉಳಿಸಿ ಅನ್ನುವುದು ಅವರ ಗ್ರಂಥಾಲಯ ಸೂತ್ರಗಳಲ್ಲಿ ನಾಲ್ಕನೆಯದು. ನಮ್ಮ ಗುಡಿಗೂ ಹಾಗೇ ಮಾಡೋಣ. ಜಿಲ್ಲೆ ಒಂದು ವರ್ಗ, ರಾಜವಂಶ ಒಂದು, ಶತಮಾನ ಒಂದು. ಇವು ಎಲ್ಲಿ ಕೂಡುತ್ತವೆ ಅಂತ ಹುಡುಕುವ ಕೆಲಸ ಯಂತ್ರದ್ದು.

ಯಂತ್ರಕ್ಕೆ ಅದು ಬರುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ 'ಇನ್‌ಕ್ಯಾಟಗರಿ' (incategory:) ಅನ್ನುವ ಆಜ್ಞೆಯನ್ನು ಎರಡು ಸಲ, ಎರಡು ವರ್ಗದ ಹೆಸರಿನ ಜೊತೆ ಕೊಟ್ಟರೆ ಎರಡರಲ್ಲೂ ಇರುವ ಪುಟಗಳಷ್ಟೇ ಬರುತ್ತವೆ. 'ಡೀಪ್‌ಕ್ಯಾಟ್' (deepcat:) ಕೊಟ್ಟರೆ ವರ್ಗದೊಳಗಿನ ಚಿಕ್ಕ ವರ್ಗಗಳ, ಅಂದರೆ ಉಪವರ್ಗಗಳ ಒಳಗೂ ಐದು ಹಂತದವರೆಗೆ ಇಳಿಯುತ್ತದೆ. ಪೆಟ್‌ಸ್ಕ್ಯಾನ್ ಎಂಬ ಸಾಧನ ಇದನ್ನೇ ಇನ್ನೂ ವಿವರವಾಗಿ ಮಾಡುತ್ತದೆ. ತೊಂದರೆ ಏನೆಂದರೆ, ಇದು ಸಂಪಾದಕರಲ್ಲೇ ಕೆಲವರಿಗೆ ಮಾತ್ರ ಗೊತ್ತು. ಬೀದರ್‌ನ ಹುಡುಗಿಗೆ ಹೇಗೆ ಗೊತ್ತಾಗಬೇಕು? ವರ್ಗದ ಪುಟದ ತಲೆಯ ಮೇಲೆ, ಆ ವರ್ಗದೊಳಗೇ ಹುಡುಕುವ ಒಂದು ಪೆಟ್ಟಿಗೆ ಇಡಬಹುದು. ಅದೂ ಬೇಡ ಅಂದರೆ, ಮೊದಲೇ ಹುಡುಕಿಟ್ಟ ಒಂದೆರಡು ಕೊಂಡಿಗಳನ್ನು ಕೊಟ್ಟರೂ ಆಯಿತು.

ಆದರೆ ಡೀಪ್‌ಕ್ಯಾಟ್ ಚೆನ್ನಾಗಿ ಕೆಲಸ ಮಾಡಬೇಕಾದರೆ ವರ್ಗ, ಉಪವರ್ಗಗಳ ಮರ ನೆಟ್ಟಗಿರಬೇಕು. ಯಾರೋ ಒಬ್ಬರು 'ಚಿಕ್ಕಮಗಳೂರು ಜಿಲ್ಲೆ'ಯನ್ನು 'ಕಾಫಿ' ವರ್ಗದ ಕೆಳಗೆ ಹಾಕಿದರು ಅಂತಿಟ್ಟುಕೊಳ್ಳಿ. ಬಾಬಾಬುಡನ್‌ಗಿರಿ ಕಾಫಿಯ ಕಥೆ ಗೊತ್ತಿದ್ದವರಿಗೆ ತಪ್ಪು ಅನ್ನಿಸುವುದೇ ಇಲ್ಲ. ಈಗ ಕಾಫಿ ಅಂತ ಇಳಿಯುತ್ತಾ ಹೋದರೆ ಶೃಂಗೇರಿ ಬರುತ್ತದೆ, ಮುಳ್ಳಯ್ಯನಗಿರಿ ಬರುತ್ತದೆ, ಆ ಜಿಲ್ಲೆಯ ಶಾಸಕರೂ ಬರುತ್ತಾರೆ. ಕಾಫಿ ಬೆಳೆಯುವ ಊರು ಕಾಫಿಯ ಒಂದು ಬಗೆ ಅಲ್ಲವಲ್ಲ! ಸಂಬಂಧ ಇದೆ ಅಂದ ಮಾತ್ರಕ್ಕೆ ಉಪವರ್ಗ ಮಾಡಬಾರದು. 'ಇದನ್ನೂ ನೋಡಿ' ಅಂತ ಕೊಂಡಿ ಕೊಟ್ಟರೆ ಸಾಕು.

ಇನ್ನು ಅಕಾರಾದಿ. ಒಂದು ವರ್ಗದ ಪುಟದಲ್ಲಿ ಒಮ್ಮೆಗೆ 200 ಹೆಸರು ಮಾತ್ರ ಕಾಣುತ್ತವೆ. ಅದಕ್ಕಿಂತ ಜಾಸ್ತಿ ಇದ್ದರೆ 'ಮುಂದಿನ ಪುಟ' ಒತ್ತಬೇಕು. ಹೆಚ್ಚಿನವರು ಒತ್ತುವುದಿಲ್ಲ ಅಂತ ನನ್ನ ಅನುಮಾನ. ಒತ್ತದಿದ್ದರೆ ನಷ್ಟ ಯಾರಿಗೆ ಹೇಳಿ? ಹಾಸನ, ಹಳೇಬೀಡು, ಹೊಳೆನರಸೀಪುರ, ಹೇಮಾವತಿ. ನಮ್ಮವೆಲ್ಲ 'ಹ'ದಲ್ಲಿ, ವರ್ಣಮಾಲೆಯ ಬಾಲದಲ್ಲಿ! ದೊಡ್ಡ ವರ್ಗಗಳ ಮೇಲೆ ಅ, ಆ, ಇ ಅಂತ ಅಕ್ಷರಗಳ ಸಾಲು ಇಡುವ ಟೆಂಪ್ಲೇಟು ಹಾಕಿದರೆ 'ಹ' ಒತ್ತಿ ನೇರ ಅಲ್ಲಿಗೇ ಹೋಗಬಹುದು.

ವ್ಯಕ್ತಿಗಳ ಹೆಸರಿನಲ್ಲಿ ಇನ್ನೊಂದು ಗೋಜಲು. ದೇವೇಗೌಡರ ಇನಿಷಿಯಲ್ ಅನ್ನು ಕೆಲವರು 'ಎಚ್' ಅಂತ ಬರೆಯುತ್ತಾರೆ, ಕೆಲವರು 'ಹೆಚ್' ಅಂತ. ಒಂದು 'ಎ'ದಲ್ಲಿ, ಇನ್ನೊಂದು 'ಹ'ದಲ್ಲಿ. ಹುಡುಕುವವರು 'ದ' ಹತ್ತಿರ ನೋಡಿ ವಾಪಸ್ ಹೋಗುತ್ತಾರೆ. ಪುಟದ ಕೊನೆಯಲ್ಲಿ 'ಡಿಫಾಲ್ಟ್‌ಸಾರ್ಟ್' ಅಂತ ಒಂದು ಸಾಲು ಸೇರಿಸಿ 'ದೇವೇಗೌಡ' ಅಂತ ಕೊಟ್ಟರೆ ಶೀರ್ಷಿಕೆ ಹೇಗೇ ಇರಲಿ, ಹೆಸರು 'ದ'ದಲ್ಲಿ ಕೂರುತ್ತದೆ. ನನ್ನನ್ನು ಕೇಳಿದರೆ ಹೊಸ ಸಂಪಾದಕರು ಶುರು ಮಾಡಲು ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಯಾರ ಜೊತೆಯೂ ಜಗಳ ಇಲ್ಲ.

ಜಗಳ ಬೇಕಿದ್ದರೆ ಕುವೆಂಪು ಪುಟಕ್ಕೆ ಹೋಗಿ. ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ಕುಪ್ಪಳಿಯಲ್ಲಿ. ಚಿಕ್ಕಮಗಳೂರಾ, ಶಿವಮೊಗ್ಗವಾ? ಎರಡೂ ಹಾಕಿ, ಸುಮ್ನೆ ಮುಂದೆ ಹೋಗಿ. ಒಂದು ಪುಟ ಒಂದೇ ವರ್ಗದಲ್ಲಿ ಇರಬೇಕು ಅನ್ನುವ ನಿಯಮ ಎಲ್ಲೂ ಇಲ್ಲ.

ಮೊಬೈಲಿನದು ದೊಡ್ಡ ತಲೆನೋವು. ಸಾಮಾನ್ಯ ಓದುಗರಿಗೆ ಮೊಬೈಲ್ ಪುಟದಲ್ಲಿ ವರ್ಗಗಳ ಸಾಲು ಕಾಣುವುದೇ ಇಲ್ಲ. ಲೇಖನದ ಕೆಳಗೆ ನಾವು ಚಂದವಾಗಿ ಮಾಡಿಟ್ಟ, ಸಂಬಂಧಪಟ್ಟ ಪುಟಗಳ ಕೊಂಡಿಗಳಿರುವ ಸಂಚಾರ ಪೆಟ್ಟಿಗೆಯೂ ಅಲ್ಲಿ ಮಾಯ. ಅಂದರೆ ನಾವು ಕಟ್ಟಿದ್ದೆಲ್ಲ ಕಂಪ್ಯೂಟರ್ ಮುಂದೆ ಕೂತವರಿಗೆ. ಇದನ್ನು ಸರಿ ಮಾಡುವುದು ತಂತ್ರಾಂಶ ಬರೆಯುವವರ ಕೈಯಲ್ಲಿದೆ. ಅಲ್ಲಿಯವರೆಗೆ 'ಹೊಯ್ಸಳ ದೇವಾಲಯಗಳ ಪಟ್ಟಿ' ಅಂತ ಒಂದು ಲೇಖನವನ್ನೇ ಬರೆದು, ಬೇಲೂರಿನ ಪುಟದ ಮೊದಲ ಪ್ಯಾರಾದಲ್ಲೇ ಅದಕ್ಕೆ ಕೊಂಡಿ ಕೊಡಿ. ಫೋನಿನಲ್ಲೂ ಕಾಣುತ್ತದೆ. ಊರು, ಜಿಲ್ಲೆ, ಕಾಲ, ಚಿತ್ರ ಎಲ್ಲ ಒಂದೇ ಕೋಷ್ಟಕದಲ್ಲಿ ಸಿಗುತ್ತವೆ. ವರ್ಗದ ಪುಟದಲ್ಲಿ ಬರೀ ಹೆಸರು ತಾನೇ ಇರುವುದು?

ಊಟ ಆದಮೇಲೆ ಎಲ್ಲರೂ ಲಾಗಿನ್ ಆಗಿ. ನಿಮ್ಮ ತಾಲ್ಲೂಕಿನ ಒಂದೊಂದು ವರ್ಗ ತೆಗೆದುಕೊಳ್ಳಿ. ಮೊದಲು ಅದರ ಪುಟದ ಮೇಲೆ ಎರಡು ಸಾಲು ಬರೆಯಿರಿ, ಇದರಲ್ಲಿ ಏನು ಸೇರುತ್ತದೆ, ಏನು ಸೇರುವುದಿಲ್ಲ ಅಂತ. ಆಮೇಲೆ ಪುಟಗಳನ್ನು ಸೇರಿಸಿ. ಹೆಸರು ಬದಲಾಯಿಸುವ ಆಸೆ ಬಂದರೆ ಸ್ವಲ್ಪ ತಡೆಯಿರಿ. ವರ್ಗದ ಪುಟವನ್ನು ಸ್ಥಳಾಂತರಿಸಿದರೆ ಅದರೊಳಗಿನ ಲೇಖನಗಳು ಹಿಂದೆಯೇ ಬರುವುದಿಲ್ಲ, ಒಂದೊಂದನ್ನೂ ತೆರೆದು ತಿದ್ದಬೇಕು, ಇಲ್ಲವೇ ತಾನಾಗಿಯೇ ತಿದ್ದುವ ಪ್ರೋಗ್ರಾಂ, ಅಂದರೆ ಬಾಟ್ ಓಡಿಸಬೇಕು. ಅದಕ್ಕೇ ಮೊದಲು ಚರ್ಚಾಪುಟದಲ್ಲಿ ಒಂದು ಮಾತು ಕೇಳಿ, ಒಂದು ವಾರ ಕಾದು, ಆಮೇಲೆ ಕೈ ಹಾಕಿ.