ಜೀನ್ಸ್ ಚಿಂದಿಯ ಬುಟ್ಟಿ: ಮೊದಲು ಹೊಲಿಗೆ, ಆಮೇಲೆ ಕತ್ತರಿ

ಕೇಳುಗರಿಗೆಲ್ಲ ನಮಸ್ಕಾರ. ಬಳ್ಳಾರಿಯ ಕೌಲ್ ಬಜಾರಿನ ಕಡೆ, ಮನೆಯಲ್ಲೇ ಮೆಷಿನ್ ಮುಂದೆ ಕೂತು ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಾ ರೇಡಿಯೋ ಕೇಳುತ್ತಿರುವ ಅಕ್ಕಂದಿರೇ, ಇವತ್ತಿನ ಮಾತು ನಿಮಗೇ. ನಿಮ್ಮ ಕಾಲಬುಡದಲ್ಲಿ ಬಿದ್ದಿರುವ ಚಿಂದಿಯನ್ನು ಗುಡಿಸಿ ಹಾಕಬೇಡಿ. ಅದರಲ್ಲಿ ಒಂದು ಬುಟ್ಟಿ ಹೊಲಿಯೋಣ. ಮಕ್ಕಳ ಸಾಕ್ಸು, ಚಾರ್ಜರ್ ವೈರು, ದಾರದ ಉಂಡೆ, ಏನು ಬೇಕಾದರೂ ಹಾಕಿಡಬಹುದು. ನಮ್ಮೂರ ಕೆಂಪು ಧೂಳು ಕೂತರೆ ತೊಳೆದು ಒಣಗಿಸಬಹುದು. ಅದಕ್ಕೇ ಹೇಳುವುದು, ಒಳಗೆ ರಟ್ಟು ಹಾಕಬೇಡಿ. ಪ್ರತಿ ತರಗತಿಯಲ್ಲೂ ಯಾರಾದರೂ ಕೇಳುತ್ತಾರೆ, "ಟೀಚರ್, ರಟ್ಟು ಹಾಕಿದ್ರೆ ಗಟ್ಟಿ ನಿಲ್ಲಲ್ವಾ?" ನಿಲ್ಲುತ್ತದೆ, ಮೊದಲ ಸಲ ತೊಳೆಯುವವರೆಗೆ!

ಬುಟ್ಟಿ ನೆಟ್ಟಗೆ ನಿಲ್ಲುವುದು ಹೊಲಿಗೆಯಿಂದ. ಹೊರಗೆ ಜೀನ್ಸ್, ಅದರ ಹಿಂದೆ ಹಳೆ ಟವೆಲ್. ಎರಡನ್ನೂ ಸೇರಿಸಿ ಒಂದೊಂದು ಇಂಚಿಗೆ ಒಂದೊಂದು ಗೆರೆ ಹೊಲಿಗೆ. ಅಷ್ಟೇ ಗುಟ್ಟು. ಆದರೆ ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ: ಮೊದಲು ಹೊಲಿಯಿರಿ, ಆಮೇಲೆ ಅಳತೆಗೆ ಕತ್ತರಿಸಿ.

ಕುರುಗೋಡಿನಲ್ಲಿ ಒಂದು ತರಬೇತಿ ನಡೆಸುತ್ತಿದ್ದೆ. ಜೀನ್ಸ್ ಯೂನಿಟ್ಟಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಬಂದಿದ್ದಳು. ಕೈ ಬಹಳ ಚುರುಕು. ಜೊತೆಗೆ ಅವಳ ಅತ್ತೆ. ಮಗು ನೋಡಿಕೊಳ್ಳಲಿಕ್ಕೆ ಅಂತ ಬಂದವರು, ಗೋಡೆಗೆ ಒರಗಿ ಕೂತಿದ್ದರು. ನಾನು ಹೊಲಿಗೆಯ ಮಾತು ಶುರು ಮಾಡುವ ಮೊದಲೇ ಈ ಹುಡುಗಿ ಸ್ಕೇಲಿಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಜೀನ್ಸ್ ಮತ್ತು ಟವೆಲ್ ಎರಡನ್ನೂ ಕರಾರುವಾಕ್ಕಾಗಿ ಕತ್ತರಿಸಿಬಿಟ್ಟಳು. ಗೋಡೆ ಕಡೆಯಿಂದ ದನಿ ಬಂತು: "ಏನವಾ, ಕತ್ತರ್ಸಿ ಹೊಲೀತಾರೇನು? ಹೊಲ್ದ ಮ್ಯಾಲೆ ಕತ್ತರ್ಸಬೇಕು."

ಸೊಸೆ ಕೇಳಲಿಲ್ಲ. "ಅತ್ತಿ, ಇದು ಕೌದಿ ಅಲ್ಲ, ನೀವು ಸುಮ್ನಿರ್ರಿ" ಅಂದಳು. ಅತ್ತೆ ಸುಮ್ಮನಿರುವ ಪೈಕಿ ಅಲ್ಲ. ಎದ್ದು ಬಂದು ತಾವೂ ಒಂದಿಷ್ಟು ಜೀನ್ಸ್ ತುಂಡು, ಒಂದು ಟವೆಲ್ ಎಳೆದುಕೊಂಡರು. ತುಂಡುಗಳನ್ನು ಜೋಡಿಸಿ ಟವೆಲ್ ಮೇಲೆ ಹಾಸಿದರು, ಅಂಗೈಯಲ್ಲಿ ನಡುವಿನಿಂದ ಅಂಚಿನವರೆಗೆ ಸವರಿದರು. ಬಟ್ಟೆ ಸರಿಯಬಾರದು ಅಂತ ಒಂದು ಮೂಲೆಗೆ ಎಲೆಅಡಿಕೆ ಡಬ್ಬಿ ಇಟ್ಟರು. ಇನ್ನೊಂದು ಮೂಲೆಗೆ ಮೊಮ್ಮಗನನ್ನೇ ಕೂಡಿಸಿದರು! ಉದ್ದ ಸೂಜಿ ತೆಗೆದು ಸಾಲು ಸಾಲಾಗಿ ಹೊಲಿದರು. ಅಂಚು ಹೇಗೋ ಇತ್ತು, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಎಲ್ಲ ಮುಗಿದ ಮೇಲೆ ಕತ್ತರಿ ಕೇಳಿದರು.

ಅಷ್ಟರಲ್ಲಿ ಸೊಸೆಯ ತುಂಡು ಏನಾಗಿತ್ತು ಗೊತ್ತಾ? ಒಂದೊಂದು ಗೆರೆ ಬಿದ್ದಂತೆ ಬಟ್ಟೆ ಒಳಕ್ಕೆ ಎಳೆದುಕೊಂಡಿತ್ತು. ಟವೆಲ್ ಮೆತ್ತಗೆ, ಜೀನ್ಸ್ ಬಿರುಸು, ಎರಡೂ ಒಂದೇ ಥರ ಓಡುವುದಿಲ್ಲ. ಒಂದು ಅಂಚು ಅರ್ಧ ಇಂಚು ಗಿಡ್ಡ, ಮೂಲೆ ಸೊಟ್ಟ, ಟವೆಲ್ ಹೊರಗೆ ಇಣುಕುತ್ತಿತ್ತು. ಅತ್ತೆ ಏನೂ ಅನ್ನಲಿಲ್ಲ, ಅಡಿಕೆ ಬಾಯಿಗೆ ಹಾಕಿಕೊಂಡರು. ನಾನು ಮಾತ್ರ ಇಡೀ ತರಗತಿಗೆ ಕೂಗಿ ಹೇಳಿದೆ, ನೋಡ್ರಿ, ಮೊದಲು ಹೊಲಿಗೆ, ಆಮೇಲೆ ಕತ್ತರಿ!

ಈ ಕಥೆಗೇ ಹೊತ್ತು ಹೋಯಿತು, ಇನ್ನು ಬೇಗ ಬೇಗ ಹೇಳುತ್ತೇನೆ. ಪೆನ್ನು ತೆಗೆದುಕೊಳ್ಳಿ.

ಚಿಂದಿಯನ್ನು ಮೊದಲು ತೊಳೆಯಿರಿ. ಜೀನ್ಸನ್ನು ವಾಷಿಂಗಿಗೆ ಕಳಿಸುವುದು ಹೊಲಿದ ಮೇಲೆ, ಹೌದಲ್ವಾ? ಹಾಗಾಗಿ ಕಟಿಂಗ್ ಟೇಬಲ್ಲಿನ ಚಿಂದಿ ನೀರು ಕಂಡಿರುವುದಿಲ್ಲ. ನೀಲಿ ಬಿಡುತ್ತದೆ, ಕುಗ್ಗುತ್ತದೆ. ನೀರು ತಿಳಿಯಾಗುವವರೆಗೆ ತೊಳೆಯಿರಿ. ಒಣಗಿದ ಮೇಲೆ ತುಂಡು ಜೋಡಿಸಿ 16 ಇಂಚು ಅಗಲ, 14 ಇಂಚು ಎತ್ತರದ ಎರಡು ಹಾಳೆ ಮಾಡಿ. ಟವೆಲ್ ಇಟ್ಟು ಗೆರೆ ಹೊಲಿಯಿರಿ. ಮೆಷಿನ್ನಿಗೆ 18ನೇ ನಂಬರ್ ಸೂಜಿ ಹಾಕಿ, ಬ್ಲೌಸ್ ಹೊಲಿಯುವ ಸೂಜಿ ಮುರಿಯುತ್ತದೆ. ಆಮೇಲೆ, ಕೇಳಿಸಿತಾ, ಆಮೇಲೆ 14 ಮತ್ತು 12 ಇಂಚಿಗೆ ಕತ್ತರಿಸಿ. ಒಳಗಿನ ಲೈನಿಂಗಿಗೆ ಹಳೆ ಕಾಟನ್ ಸೀರೆಯ ಎರಡು ತುಂಡು, ಅದೇ ಅಳತೆ.

ಎಲ್ಲ ತುಂಡಿನ ಕೆಳಗಿನ ಎರಡು ಮೂಲೆಯಲ್ಲಿ 3 ಇಂಚಿನ ಚೌಕ ಕತ್ತರಿಸಿ ತೆಗೆಯಿರಿ. ಜೀನ್ಸಿನ ಎರಡು ತುಂಡು ಒಂದು ಜೋಡಿ, ಲೈನಿಂಗಿನ ಎರಡು ತುಂಡು ಇನ್ನೊಂದು ಜೋಡಿ; ಜೋಡಿಯ ಸರಿಬದಿ ಮುಖಾಮುಖಿ ಇಟ್ಟು, ಅರ್ಧ ಇಂಚು ಬಿಟ್ಟು ಪಕ್ಕ ಮತ್ತು ತಳ ಹೊಲಿಯಿರಿ. ಲೈನಿಂಗಿನ ತಳದಲ್ಲಿ ಮಾತ್ರ ಒಂದು ಗೇಣು ಹೊಲಿಯದೆ ಬಿಡಿ. ಚೌಕ ತೆಗೆದ ಕಡೆ ಪಕ್ಕದ ಹೊಲಿಗೆಯನ್ನು ತಳದ ಹೊಲಿಗೆ ಮೇಲೆ ತಂದು ಅಡ್ಡ ಹೊಲಿದರೆ ತಳ ಚಪ್ಪಟೆಯಾಗುತ್ತದೆ. 7 ಇಂಚು ಅಗಲ, 6 ಇಂಚು ಆಳ, 8 ಇಂಚು ಎತ್ತರದ ಬುಟ್ಟಿ ಬರುತ್ತದೆ. ಜೀನ್ಸ್ ಚೀಲವನ್ನು ಲೈನಿಂಗ್ ಚೀಲದೊಳಗೆ ಬಿಡಿ, ಎರಡರ ಸರಿಬದಿ ಮುಖಾಮುಖಿ ಇರಲಿ. ಬಾಯಿ ಸುತ್ತ ಹೊಲಿದು, ಬಿಟ್ಟ ಸಂದಿನಿಂದ ಹೊರಗೆ ಎಳೆಯಿರಿ. ಸಂದು ಮುಚ್ಚಿ, ಲೈನಿಂಗ್ ಒಳಗೆ ತಳ್ಳಿ, ಬಾಯಿ ಮೇಲೆ ಇನ್ನೊಂದು ಸುತ್ತು ಹೊಲಿಗೆ ಓಡಿಸಿ.

ಹೊಲಿಗೆಯ ಮೇಲೆ ಹೊಲಿಗೆ ಬಂದು ದಪ್ಪವಾದ ಕಡೆ ಮೆಷಿನ್ನನ್ನು ಕಾಲಿನಿಂದ ತುಳಿದು ಓಡಿಸಬೇಡಿ. ಸುತ್ತಿಗೆಯಿಂದ ಎರಡು ಏಟು ಹಾಕಿ ಚಪ್ಪಟೆ ಮಾಡಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ದಾಟಿಸಿ. ನಮಸ್ಕಾರ.