ಅಂಗೈಯೇ ಪೂಜಾಪಾತ್ರೆಯಾದಾಗ

ಕೇಳುಗರಿಗೆ ನಮಸ್ಕಾರ.

1975ರ ಆಗಸ್ಟ್ ತಿಂಗಳು. ವಿಯೆಟ್ನಾಮಿನಲ್ಲಿ ಆಗಷ್ಟೇ ಬಂಧನಕ್ಕೊಳಗಾದ ಒಬ್ಬ ಕೈದಿಗೆ ತನ್ನವರಿಗೆ ಪತ್ರ ಬರೆಯಲು ಅನುಮತಿ ಸಿಗುತ್ತದೆ. ಬಟ್ಟೆ, ಹಲ್ಲುಜ್ಜುವ ಪೇಸ್ಟು, ಇಂಥ ತೀರಾ ಅಗತ್ಯದ ವಸ್ತುಗಳನ್ನು ಮಾತ್ರ ಕೇಳಬಹುದು. ಆ ಕೈದಿ ಪತ್ರದಲ್ಲಿ ಇನ್ನೊಂದು ಮಾತು ಸೇರಿಸುತ್ತಾರೆ: ನನ್ನ ಹೊಟ್ಟೆನೋವಿಗೆ ಔಷಧಿಯಾಗಿ ಸ್ವಲ್ಪ ದ್ರಾಕ್ಷಾರಸ ಕಳಿಸಿ. ಓದಿದವರಿಗೆ ಅರ್ಥವಾಯಿತು: ಇದು ಕ್ರೈಸ್ತರ ಬಲಿಪೂಜೆಗೆ ಬೇಕಾದ ದ್ರಾಕ್ಷಾರಸ. ಕೆಲವು ದಿನಗಳಲ್ಲಿ ಒಂದು ಪುಟ್ಟ ಸೀಸೆ ಬಂತು. ಮೇಲೆ 'ಹೊಟ್ಟೆನೋವಿನ ಔಷಧಿ' ಎಂದು ಚೀಟಿ ಅಂಟಿಸಿತ್ತು. ಜೊತೆಗೊಂದು ಟಾರ್ಚು. ತೇವ ತಗಲದಂತೆ ಅದರೊಳಗೆ ಪೂಜೆಯ ರೊಟ್ಟಿಯ ಬಿಲ್ಲೆಗಳನ್ನು ಅಡಗಿಸಿಟ್ಟಿದ್ದರು. ನಿಮಗೆ ಹೊಟ್ಟೆನೋವೇ ಎಂದು ಪೊಲೀಸರು ಕೇಳಿದರು. ಹೌದು ಎಂದರು ಕೈದಿ. ತಗೊಳ್ಳಿ, ನಿಮ್ಮ ಔಷಧಿ ಎಂದು ಸೀಸೆಯನ್ನು ಕೈಗೆ ಕೊಟ್ಟರು.

ಆ ಕೈದಿ ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ಥುವಾನ್. ಸೈಗಾನಿನ ಸಹ ಮಹಾಧರ್ಮಾಧ್ಯಕ್ಷರು, ಅಂದರೆ ಆರ್ಚ್‌ಬಿಷಪ್; ಮುಂದೆ ಕ್ಯಾಥೊಲಿಕ್ ಧರ್ಮಸಭೆಯಲ್ಲಿ ಪೋಪರ ನಂತರದ ಉನ್ನತ ಪದವಿಯಾದ ಕಾರ್ಡಿನಲ್ ಆದವರು. ಇವತ್ತು ನಾನು ನಿಮ್ಮೊಂದಿಗೆ ಮಾತಾಡಬೇಕೆಂದುಕೊಂಡಿರುವುದು ಅವರ ಬಗ್ಗೆ.

ವಾನ್ ಥುವಾನ್ ಹುಟ್ಟಿದ್ದು 1928ರ ಏಪ್ರಿಲ್ 17ರಂದು, ಮಧ್ಯ ವಿಯೆಟ್ನಾಮಿನ ಹುಯೆ ನಗರದಲ್ಲಿ. ನಂಬಿಕೆಗಾಗಿ ಪ್ರಾಣ ಕೊಟ್ಟ ಹಿರಿಯರಿದ್ದ ಮನೆತನ ಅದು. ತಾಯಿ ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ನ್ಗೋ ದಿನ್ ದಿಯೆಮ್ ಅವರ ಸೋದರಿ. ಇನ್ನೊಬ್ಬ ಸೋದರಮಾವ ಮಹಾಧರ್ಮಾಧ್ಯಕ್ಷರು. ಅಧಿಕಾರಕ್ಕೆ ಇಷ್ಟು ಹತ್ತಿರದ ನಂಟು ಇರುವುದು ಎರಡು ಅಲಗಿನ ಕತ್ತಿ. 1963ರಲ್ಲಿ ಸೇನಾ ದಂಗೆಯಲ್ಲಿ ದಿಯೆಮ್ ಕೊಲೆಯಾದಾಗ ಆ ಮನೆ ಅದನ್ನು ಅನುಭವಿಸಿತು. 12 ವರ್ಷಗಳ ನಂತರ ವಾನ್ ಥುವಾನ್ ಮತ್ತೊಮ್ಮೆ ಅನುಭವಿಸಿದರು.

1953ರಲ್ಲಿ ಗುರುದೀಕ್ಷೆ ಪಡೆದು ಪಾದ್ರಿಯಾದರು. ಬಳಿಕ ರೋಮಿನಲ್ಲಿ ಧರ್ಮಸಭೆಯ ಕಾನೂನು ಓದಿ 1959ರಲ್ಲಿ ಡಾಕ್ಟರೇಟ್. 1967ರಲ್ಲಿ, ಇನ್ನೂ 39ರ ವಯಸ್ಸಿನಲ್ಲಿ, ಕಡಲತೀರದ ನ್ಯಾ ಟ್ರಾಂಗ್ ಧರ್ಮಕ್ಷೇತ್ರಕ್ಕೆ ಧರ್ಮಾಧ್ಯಕ್ಷರು; ಅಲ್ಲಿಗೆ ಮೊದಲ ವಿಯೆಟ್ನಾಮಿ ಧರ್ಮಾಧ್ಯಕ್ಷರೂ ಅವರೇ. ಸುತ್ತ ಯುದ್ಧ. ಅಂಥ ಎಂಟು ವರ್ಷಗಳಲ್ಲಿ, ಗುರುದೀಕ್ಷೆಗೆ ತಯಾರಾಗುತ್ತಿದ್ದ ಹಿರಿಯ ವಿದ್ಯಾರ್ಥಿಗಳ ಸಂಖ್ಯೆ 42ರಿಂದ 147ಕ್ಕೆ ಏರಿತು. ಕಿರಿಯ ಸೆಮಿನರಿಗಳಲ್ಲಿ, ಅಂದರೆ ಮುಂದೆ ಗುರುಗಳಾಗಬಯಸುವ ಹುಡುಗರ ಶಾಲೆಗಳಲ್ಲಿ, 200 ಇದ್ದದ್ದು 500 ಆಯಿತು. ಮುಂದೊಂದು ದಿನ ಗುರುಗಳ ಕೊರತೆ ಬರಬಹುದು, ಈಗಲೇ ಜನರನ್ನು ಸಿದ್ಧಮಾಡಿಕೊಳ್ಳಬೇಕು ಎಂಬ ದೂರದೃಷ್ಟಿ ಈ ಲೆಕ್ಕದ ಹಿಂದೆ ನನಗೆ ಕಾಣುತ್ತದೆ.

1975ರ ಏಪ್ರಿಲ್ 24ರಂದು ಪೋಪ್ ಆರನೆಯ ಪೌಲರು ಅವರನ್ನು ಸೈಗಾನಿಗೆ ನೇಮಿಸಿದರು. ಆರೇ ದಿನ. ಏಪ್ರಿಲ್ 30ರಂದು ಸೈಗಾನ್ ಉತ್ತರ ವಿಯೆಟ್ನಾಮಿನ ಕಮ್ಯುನಿಸ್ಟ್ ಸೇನೆಯ ವಶವಾಯಿತು. ಹೊಸ ಸರಕಾರಕ್ಕೆ ಈ ನೇಮಕ ವ್ಯಾಟಿಕನ್ ಮತ್ತು ಸಾಮ್ರಾಜ್ಯಶಾಹಿಗಳ ಸಂಚಿನಂತೆ ಕಂಡಿತು. ಸೋದರಮಾವ ದಿಯೆಮ್ ಹೆಸರೂ ಬೆನ್ನಿಗಿತ್ತಲ್ಲ. ಆಗಸ್ಟ್ 15, ಮರಿಯಮ್ಮನ ಸ್ವರ್ಗಸ್ವೀಕಾರದ ಹಬ್ಬದ ದಿನ, ಅವರನ್ನು ಹಿಡಿದರು. ಮೈಮೇಲೆ ಗುರುಗಳ ನಿಲುವಂಗಿ, ಜೇಬಿನಲ್ಲಿ ಜಪಸರ. ವಿಚಾರಣೆಯಿಲ್ಲ, ತೀರ್ಪಿಲ್ಲ.

ಇಬ್ಬರು ಪೊಲೀಸರ ನಡುವೆ ಕೂರಿಸಿಕೊಂಡು, ರಾತ್ರಿಯಲ್ಲಿ 450 ಕಿಲೋಮೀಟರ್ ದೂರದ ನ್ಯಾ ಟ್ರಾಂಗ್ ಕಡೆಗೆ ಕರೆದೊಯ್ದರು. ಆ ದಾರಿಯಲ್ಲಿ ಅವರಿಗೆ ಧರ್ಮಾಧ್ಯಕ್ಷ ವಾಲ್ಶ್ ನೆನಪಾದರು. ಅಮೆರಿಕದ ಆ ಧರ್ಮಾಧ್ಯಕ್ಷರು ಚೀನಾದಲ್ಲಿ 12 ವರ್ಷ ಸೆರೆಯಲ್ಲಿದ್ದು ಬಂದವರು. ಅರ್ಧ ಆಯುಷ್ಯ ಕಾಯುವುದರಲ್ಲೇ ಕಳೆಯಿತು ಎಂದಿದ್ದರು. ವಾನ್ ಥುವಾನ್ ಕತ್ತಲಲ್ಲಿ ಒಂದು ತೀರ್ಮಾನ ಮಾಡಿಕೊಂಡರು. ನಾನು ಕಾಯುವುದಿಲ್ಲ. ಇರುವ ಈ ಗಳಿಗೆಯನ್ನೇ ಪ್ರೀತಿಯಿಂದ ತುಂಬಿ ಬದುಕುತ್ತೇನೆ.

ಹೇಳಲು ಸುಲಭ. ಏನು ಮಾಡುವುದು? ಆ ವರ್ಷದ ಅಕ್ಟೋಬರಿನಲ್ಲಿ ದಾರಿ ಹೊಳೆಯಿತು. ತಮ್ಮನ್ನು ಗೃಹಬಂಧನದಲ್ಲಿಟ್ಟಿದ್ದ ಊರಿನ ಏಳು ವರ್ಷದ ಹುಡುಗನೊಬ್ಬನಿಗೆ, ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ತಂದುಕೊಡುವಂತೆ ಅಮ್ಮನಿಗೆ ಹೇಳು ಎಂದರು. ಹಾಳೆಯ ಹಿಂಬದಿಯಲ್ಲಿ ತಮ್ಮ ಜನರಿಗೆ ಚಿಕ್ಕ ಚಿಕ್ಕ ಸಂದೇಶಗಳನ್ನು ಬರೆದರು. ಹುಡುಗ ಮನೆಗೆ ಒಯ್ಯುತ್ತಿದ್ದ, ಅವನ ಅಣ್ಣಂದಿರು ಅಕ್ಕಂದಿರು ಕುಳಿತು ನಕಲು ಮಾಡುತ್ತಿದ್ದರು. ಒಟ್ಟು 1001 ಸಂದೇಶ. ಆ ಬರಹ ದೇಶ ಬಿಟ್ಟು ದೋಣಿಯಲ್ಲಿ ಹೋದವರ ಜೊತೆ ಸಮುದ್ರ ದಾಟಿತು. ದೊಡ್ಡ ಧರ್ಮಕ್ಷೇತ್ರದ ಮಹಾಧರ್ಮಾಧ್ಯಕ್ಷರ ಕಚೇರಿ ಎಂದರೆ ಆಗ ಇಷ್ಟೇ: ಹರಿದ ಹಾಳೆ, ಒಬ್ಬ ಹುಡುಗ.

ಮುಂದಿನದು ಕಠಿಣ. ಅವರ 13 ವರ್ಷಗಳ ಸೆರೆವಾಸದಲ್ಲಿ 9 ವರ್ಷ ಏಕಾಂತವಾಸ. ಕಿಟಕಿಯಿಲ್ಲದ ಕೋಣೆ. ಸೆಖೆಗೆ ಉಸಿರು ಕಟ್ಟುತ್ತಿತ್ತು, ತೇವಕ್ಕೆ ಚಾಪೆಯ ಮೇಲೆ ಅಣಬೆ ಏಳುತ್ತಿತ್ತು. ಗೋಡೆಯ ಬುಡದಲ್ಲಿ ನೀರು ಹೋಗಲು ಒಂದು ಕಿಂಡಿ. ನೆಲಕ್ಕೆ ಮಲಗಿ ಅದಕ್ಕೆ ಮೂಗು ಹಚ್ಚಿ ಉಸಿರಾಡುತ್ತಿದ್ದರು. ಮಳೆ ಬಂದರೆ ಹುಳುಹುಪ್ಪಟೆ ಅಲ್ಲಿಂದಲೇ ಒಳಬರುತ್ತಿದ್ದವು. ದೇಹದ ಸಂಕಟಕ್ಕಿಂತ ಅವರನ್ನು ಹಿಂಡಿದ್ದು ಬೇರೆ ಚಿಂತೆ. 47ರ ವಯಸ್ಸು, ಎಂಟು ವರ್ಷದ ಅನುಭವ, ಅರ್ಧಕ್ಕೆ ನಿಂತ ಕೆಲಸಗಳು, ಎಲ್ಲ ನೀರುಪಾಲಾಗುತ್ತಿದೆಯಲ್ಲ! ಒಂದು ರಾತ್ರಿ ಅಂತರಂಗದಿಂದ ಒಂದು ದನಿ ಕೇಳಿತು ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ನೀನು ಮಾಡುತ್ತಿದ್ದ ಕೆಲಸಗಳೆಲ್ಲ ದೇವರ ಕೆಲಸಗಳು, ಆದರೆ ಅವು ದೇವರಲ್ಲ; ನೀನು ಆರಿಸಿಕೊಂಡದ್ದು ದೇವರನ್ನು, ಅವನ ಕೆಲಸಗಳನ್ನಲ್ಲ. ಅಂದಿನಿಂದ ಮನಸ್ಸು ತಿಳಿಯಾಯಿತು. ಹುದ್ದೆಯಲ್ಲಿರುವವರು ಹುದ್ದೆಯೇ ತಾವೆಂದುಕೊಳ್ಳುವುದು ಎಲ್ಲೆಡೆ ಇದೆ. ಆ ಹೆಣೆದುಕೊಂಡ ಗಂಟನ್ನು ಕತ್ತಲಲ್ಲಿ ಒಬ್ಬರೇ ಬಿಡಿಸಿದ ಆ ರಾತ್ರಿಯೇ ಅವರ ಜೀವನದ ತಿರುವು ಎಂದು ನಾನು ತಿಳಿದಿದ್ದೇನೆ, ಕಾರ್ಡಿನಲ್ ಪದವಿಯಲ್ಲ.

1976ರ ಡಿಸೆಂಬರ್ 1ರ ರಾತ್ರಿ 1500 ಕೈದಿಗಳ ಜೊತೆ ಅವರನ್ನು ಕಲ್ಲಿದ್ದಲು ಸಾಗಿಸುವ ಹಾಯ್ ಫಾಂಗ್ ಎಂಬ ಹಡಗಿನ ಹೊಟ್ಟೆಗೆ ಇಳಿಸಿದರು. ಉತ್ತರಕ್ಕೆ ಪಯಣ. ಮಂದ ಬೆಳಕಿನಲ್ಲಿ ಹತಾಶ ಮುಖಗಳು. ಅವರಿಗನ್ನಿಸಿತು, ಇದೇ ನನ್ನ ಪ್ರಧಾನ ದೇವಾಲಯ, ಇವರೇ ನನಗೆ ಒಪ್ಪಿಸಿದ ಜನ.

ಶಿಬಿರದಲ್ಲಿ ಒಂದೊಂದು ಗುಂಪಿಗೆ 50 ಮಂದಿ. ಒಂದೇ ಉದ್ದನೆಯ ಹಾಸಿನಲ್ಲಿ ಒಬ್ಬೊಬ್ಬರಿಗೆ ಅರ್ಧ ಮೀಟರ್ ಜಾಗ. ರಾತ್ರಿ ಒಂಬತ್ತೂವರೆಗೆ ದೀಪ ಆರಿದ ಮೇಲೆ, ಹಾಸಿನ ಮೇಲೆ ಬಾಗಿ, ಬಾಯಿಪಾಠದಿಂದಲೇ ಬಲಿಪೂಜೆ ಅರ್ಪಿಸುತ್ತಿದ್ದರು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು. ಅಕ್ಕಪಕ್ಕದಲ್ಲಿ ಮಲಗಿದ್ದ ಕ್ರೈಸ್ತರಿಗೆ ಸೊಳ್ಳೆಪರದೆಯ ಅಡಿಯಿಂದ ಪರಮಪ್ರಸಾದ, ಅಂದರೆ ಪೂಜೆಯ ರೊಟ್ಟಿ, ಹೋಗುತ್ತಿತ್ತು. ಉಳಿದದ್ದನ್ನು ಸಿಗರೇಟು ಪ್ಯಾಕಿನ ಕಾಗದದಿಂದ ಮಾಡಿದ ಪುಟ್ಟ ಚೀಲದಲ್ಲಿಟ್ಟು, ಎದೆಯ ಜೇಬಿನಲ್ಲಿ ಕಾಪಾಡುತ್ತಿದ್ದರು.

ಇನ್ನು ಕಾವಲುಗಾರರು. ಏಕಾಂತವಾಸದಲ್ಲಿ ಮೊದಮೊದಲು ಅವರು ತುಟಿ ಬಿಚ್ಚುತ್ತಿರಲಿಲ್ಲ. ವಾನ್ ಥುವಾನ್ ತಾವು ಕಂಡ ದೇಶಗಳ ಕಥೆ ಹೇಳತೊಡಗಿದರು, ಫ್ರೆಂಚ್, ಇಂಗ್ಲಿಷ್ ಕಲಿಸಿದರು. ಕೈದಿಯ ಸಹವಾಸ ಕಾವಲುಗಾರರನ್ನು ಕೆಡಿಸುತ್ತದೆಂದು ಮೇಲಧಿಕಾರಿಗಳು ಎರಡು ವಾರಕ್ಕೊಮ್ಮೆ ಅವರನ್ನು ಬದಲಿಸುತ್ತಿದ್ದರು. ಹೀಗೇ ಬಿಟ್ಟರೆ ಎಲ್ಲರೂ ಕೆಟ್ಟಾರು ಎಂದು ಬದಲಿಸುವುದನ್ನೇ ನಿಲ್ಲಿಸಿದರು. ಅವರಲ್ಲೊಬ್ಬ ಲ್ಯಾಟಿನ್ ಹಾಡೊಂದನ್ನು ಕಲಿತು, ಪವಿತ್ರಾತ್ಮರೇ ಬನ್ನಿ ಎಂಬ ಆ ಪ್ರಾರ್ಥನೆಯನ್ನು ದಿನಾ ಬೆಳಗ್ಗೆ ವ್ಯಾಯಾಮಕ್ಕೆ ಮೆಟ್ಟಿಲಿಳಿಯುತ್ತಾ ಹಾಡುತ್ತಿದ್ದ. ಕೋಣೆಯೊಳಗಿನ ಧರ್ಮಾಧ್ಯಕ್ಷರು ಅದನ್ನು ಕೇಳುತ್ತಿದ್ದರು.

ಮರ ಕಡಿಯುವ ಕೆಲಸದಲ್ಲಿದ್ದಾಗ ಒಂದು ತುಂಡನ್ನು ಶಿಲುಬೆಯಾಕಾರಕ್ಕೆ ಕತ್ತರಿಸಿಕೊಳ್ಳಲು ಅನುಮತಿ ಕೇಳಿದರು. ಅದಕ್ಕೆ ನಿಷೇಧವಿತ್ತು. ಕಾವಲುಗಾರ ಸ್ನೇಹಿತನಾಗಿದ್ದ, ಆ ಹೊತ್ತು ನೋಡದವನಂತೆ ಅತ್ತ ಸರಿದ. ಶಿಲುಬೆ ಸೋಪಿನ ಬಿಲ್ಲೆಯೊಳಗೆ ಅಡಗಿತು. ಬೇರೊಂದು ಸೆರೆಮನೆಯಲ್ಲಿ ವಿದ್ಯುತ್ ತಂತಿ ಕೇಳಿದಾಗ ಕಾವಲುಗಾರ ಹೆದರಿದ. ಕೈದಿ ತಂತಿ ಕೇಳುವುದು ಆತ್ಮಹತ್ಯೆಗೆ ಎಂದೇ ಅವನಿಗೆ ಗೊತ್ತಿದ್ದದ್ದು. ಶಿಲುಬೆಗೆ ಸರಪಳಿ ಬೇಕು ಎಂದಾಗ, ಮೂರು ದಿನದ ಮೇಲೆ ಅವನೇ ಇಕ್ಕಳ ತಂದ. ತನ್ನ ಪಾಳಿಯೊಳಗೆ, ಏಳರಿಂದ ಹನ್ನೊಂದರೊಳಗೆ, ಕೆಲಸ ಮುಗಿಯಬೇಕು. ಇಬ್ಬರೂ ಕೂಡಿ ತಂತಿಯನ್ನು ಬೆಂಕಿಕಡ್ಡಿಯಷ್ಟುದ್ದಕ್ಕೆ ಕತ್ತರಿಸಿ, ಬಾಗಿಸಿ, ಕೊಂಡಿ ಹಾಕಿದರು.

1988ರ ನವೆಂಬರ್ 21ರಂದು ಒಳಾಡಳಿತ ಸಚಿವರು ಕರೆಸಿದರು. ಏನು ಬೇಕು ಎಂದು ಕೇಳಿದರು. ಬಿಡುಗಡೆ ಬೇಕು. ಯಾವಾಗ? ಇವತ್ತೇ. ಮೂವರು ಪೋಪರ ಕಾಲದಿಂದಲೂ ಒಳಗಿದ್ದೇನೆ, ಸೋವಿಯತ್ ಒಕ್ಕೂಟದಲ್ಲಿ ನಾಲ್ವರು ಪ್ರಧಾನ ಕಾರ್ಯದರ್ಶಿಗಳು ಬಂದರು ಎಂದು ನೆನಪಿಸಿದರು. ಸಚಿವರು ನಕ್ಕರು, ಅಂದೇ ಬಿಡುಗಡೆ ಆಯಿತು.

1991ರಲ್ಲಿ ರೋಮಿಗೆ ಹೋದರು. ಮರಳಿ ಬರಲು ಸರಕಾರ ಬಿಡಲಿಲ್ಲ. ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಪರಿಷತ್ತಿನಲ್ಲಿ 1994ರಲ್ಲಿ ಉಪಾಧ್ಯಕ್ಷರು, 1998ರಲ್ಲಿ ಅಧ್ಯಕ್ಷರು. ಧರ್ಮಸಭೆಯ ಸಾಮಾಜಿಕ ಬೋಧನೆಗಳನ್ನು ಒಂದೆಡೆ ಸಂಗ್ರಹಿಸುವ ಕೆಲಸಕ್ಕೆ ಅಲ್ಲಿ ದುಡಿದರು. ಆ ಸಂಗ್ರಹ ಹೊರಬಂದದ್ದು 2004ರಲ್ಲಿ. ಅಷ್ಟರಲ್ಲಿ ಅವರು ಇರಲಿಲ್ಲ. 2001ರ ಫೆಬ್ರವರಿಯಲ್ಲಿ ಕಾರ್ಡಿನಲ್ ಆಗಿ, 2002ರ ಸೆಪ್ಟೆಂಬರ್ 16ರಂದು ರೋಮಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 2017ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತಪದವಿಯ ದಾರಿಯ ಮೆಟ್ಟಿಲಾದ 'ವಂದನೀಯ' ಎಂಬ ಸ್ಥಾನಕ್ಕೆ ಏರಿಸಿದರು.

2000ದ ಮಾರ್ಚಿನ ಸಂಗತಿಯೊಂದು ಉಳಿಯಿತು. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಧ್ಯಾನಕೂಟದಲ್ಲಿ ತಮಗೂ ವ್ಯಾಟಿಕನ್ನಿನ ಹಿರಿಯರಿಗೂ ಪ್ರವಚನ ನೀಡುವಂತೆ ಪೋಪ್ ಎರಡನೆಯ ಜಾನ್ ಪೌಲರು ಅವರನ್ನೇ ಕೇಳಿಕೊಂಡಿದ್ದರು. ಭರವಸೆಯ ಬಗ್ಗೆ ಮಾತಾಡಲೇ ಎಂದಾಗ, ನಿಮ್ಮ ಅನುಭವವನ್ನೇ ಹೇಳಿ ಎಂದಿದ್ದರು. ಬಿಡುಗಡೆಯಾದಂದಿನಿಂದ ಅವರ ಎದೆಯ ಮೇಲೆ ಇರುತ್ತಿದ್ದುದು ಅದೇ ಮರದ ಶಿಲುಬೆ, ಅದೇ ತಂತಿಯ ಸರಪಳಿ. ಪ್ರವಚನಗಳು ಮುಗಿದ ಮೇಲೆ ಪೋಪರು ಅವರಿಗೆ ಕೊಟ್ಟ ಉಡುಗೊರೆ, ಬಲಿಪೂಜೆಯ ಒಂದು ಚಿನ್ನದ ಪಾತ್ರೆ. ಅಂಗೈಯಲ್ಲಿ ಮೂರು ಹನಿ ಹಿಡಿದು ಪೂಜೆ ಮಾಡುತ್ತಿದ್ದಾಗ, ಹೀಗೊಂದು ದಿನ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ ಎಂದರಂತೆ ಅವರು.

ನಮಸ್ಕಾರ.