ಸ್ವರ ತಿದ್ದೋಕೆ ಮೆಷೀನ್ ಬೇಕಾ, ಸಾಫ್ಟ್‌ವೇರ್ ಸಾಕಾ?

ಎಲ್ಲರಿಗೂ ನಮಸ್ಕಾರ. ನಮ್ಮ ದಾವಣಗೆರೆಯಲ್ಲಿ ಮನೆಯ ಕೋಣೆಯಲ್ಲೇ ವಚನ, ಭಾವಗೀತೆ, ಜಾನಪದ ರೆಕಾರ್ಡ್ ಮಾಡುವವರು ಈಗ ಜಾಸ್ತಿ. ತಪ್ಪಿದ ಸ್ವರವನ್ನು ತಾನೇ ಸರಿಮಾಡುವ ಆಟೋಟ್ಯೂನ್‌ಗೆ ಮೆಷೀನ್ ತಗೊಳ್ಳಲಾ, ಸಾಫ್ಟ್‌ವೇರ್ ಹಾಕಿಕೊಳ್ಳಲಾ ಅಂತ ಕೇಳುತ್ತಿರುತ್ತಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ರೆಕಾರ್ಡಿಂಗ್‌ಗಾದರೆ ಸಾಫ್ಟ್‌ವೇರ್, ಗಣೇಶನ ಹಬ್ಬದ ಆರ್ಕೆಸ್ಟ್ರಾಗಾದರೆ ಮೆಷೀನ್.

ಆಂಟಾರೆಸ್ ಕಂಪನಿಯ ಆಟೋಟ್ಯೂನ್ ಬಂದಿದ್ದು 1997ರಲ್ಲಿ. ಮಾಡಿದವರು ಆಂಡಿ ಹಿಲ್ಡೆಬ್ರಾಂಡ್. ಮೊದಲು ಎಣ್ಣೆ ನಿಕ್ಷೇಪ ಹುಡುಕುವ ಕೆಲಸದಲ್ಲಿದ್ದವರು, ನೆಲದೊಳಗಿಂದ ವಾಪಸ್ ಬರುವ ಸದ್ದನ್ನು ಲೆಕ್ಕ ಹಾಕುವ ಗಣಿತವನ್ನೇ ದನಿಗೆ ತಂದರು. ದನಿಯ ಅಲೆ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಎಂದು ಅದು ನೋಡುತ್ತದೆ, ಹಾಗಾಗಿ ಒಂದು ಸುತ್ತಾದರೂ ಕೇಳಿಸಿಕೊಳ್ಳಲೇಬೇಕು. ಗಂಡಸಿನ ತಗ್ಗಿನ ದನಿ 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಸುತ್ತು ಇದ್ದರೆ ಒಂದು ಸುತ್ತಿಗೆ 10 ಮಿಲಿಸೆಕೆಂಡ್. ಮೆಷೀನಿಗೂ ಇದೇ ಗಣಿತ. ಮೆಷೀನ್ ಎಲ್ಲವನ್ನೂ ಆ ಕ್ಷಣಕ್ಕೇ ಹಿಡಿಯುತ್ತದೆ ಅಂತ ಅಂಗಡಿಯವರು ಹೇಳಿದರೆ ಸುಮ್ನೆ ನಕ್ಕುಬಿಡಿ.

ಆದರೂ ಮೆಷೀನಿಗೆ ಒಂದು ಅನುಕೂಲ ಇದೆ, ಕಂಪ್ಯೂಟರಿನಷ್ಟು ತಡ ಅದಕ್ಕಿಲ್ಲ. ಕಂಪ್ಯೂಟರ್ ದನಿಯನ್ನು ಸ್ಯಾಂಪಲ್ ಅನ್ನುವ ಚೂರುಗಳಾಗಿ ಒಟ್ಟುಮಾಡಿಕೊಂಡು ಕೆಲಸ ಮಾಡುತ್ತದೆ, ಆ ಗಂಟಿಗೆ ಬಫರ್ ಅಂತಾರೆ. ಬಫರ್ 512 ಸ್ಯಾಂಪಲ್ ಇಟ್ಟರೆ, ಸೆಕೆಂಡಿಗೆ 48,000 ಸ್ಯಾಂಪಲ್ ಅಂದರೆ 48 ಕಿಲೋಹರ್ಟ್ಸ್‌ನಲ್ಲಿ, ಒಳಗೆ ಬರುವಾಗ 11 ಮಿಲಿಸೆಕೆಂಡ್ ಹತ್ತಿರ, ಹೊರಗೆ ಹೋಗುವಾಗ ಮತ್ತಷ್ಟೇ ತಡ. ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮ ದನಿಯೇ ಹಿಂದೆ ಬಿದ್ದಂತೆ ಕೇಳಿಸಿ ತಾಳ ತಪ್ಪುತ್ತದೆ. ವೇದಿಕೆಯ ಮೇಲೆ ಇದು ಆಗೋ ಮಾತಲ್ಲ, ಅಲ್ಲಿ ಟಿ.ಸಿ. ಹೆಲಿಕಾನ್ ತರಹದ ಪೆಡಲ್ (ಕಾಲಲ್ಲಿ ಒತ್ತುವ ಮೆಷೀನ್) ಸರಿ. ರೆಕಾರ್ಡಿಂಗ್‌ನಲ್ಲಿ ಮಾತ್ರ ಈ ತೊಂದರೆಗೆ ಸುಲಭ ದಾರಿ ಇದೆ: ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರಿಂಗ್ (ದನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಹೆಡ್‌ಫೋನಿಗೆ ಬರುವುದು) ಹಾಕಿ, ತಿದ್ದದ ದನಿಯನ್ನೇ ಕೇಳಿಸಿಕೊಂಡು ಹಾಡಿ, ತಿದ್ದುವುದನ್ನು ಆಮೇಲೆ ಮಾಡಿ. ರೋಬೋ ದನಿಯೇ ಬೇಕು ಅನ್ನುವ ರ‍್ಯಾಪ್ ಹುಡುಗರ ಕಥೆ ಬೇರೆ. ಅವರು ಆ ಎಫೆಕ್ಟ್ ಕೇಳಿಸಿಕೊಂಡೇ ಹಾಡಬೇಕು, ಬಫರ್ 64ಕ್ಕೋ 128ಕ್ಕೋ ಇಳಿಸಿಕೊಳ್ಳಲಿ.

ಮೆಷೀನ್ ತಿದ್ದಿ ಕಳಿಸಿದ್ದು ಹಾಗೇ ರೆಕಾರ್ಡ್ ಆಗಿಬಿಡುತ್ತದೆ. ಮಂಡಕ್ಕಿಗೆ ಕಲಸಿದ ಖಾರ ವಾಪಸ್ ತೆಗೆಯೋಕಾಗುತ್ತಾ? ಈಗಾಗಲೇ ಮೆಷೀನ್ ಕೊಂಡಿದ್ದರೆ ತಿದ್ದದ ದನಿಯನ್ನೂ ಇನ್ನೊಂದು ಟ್ರ್ಯಾಕಿನಲ್ಲಿ ಇಟ್ಟುಕೊಳ್ಳಿ.

ಹೀಗೆ ತಿದ್ದದ ದನಿ ಕೈಯಲ್ಲಿರುವುದು ನಮ್ಮ ಹಾಡಿಗೆ ಇನ್ನೂ ಮುಖ್ಯ. ಈ ಯಂತ್ರಗಳ ಮಾಮೂಲಿ ಲೆಕ್ಕ ಸಪ್ತಕಕ್ಕೆ 12 ಸ್ವರ, ಒಂದರಿಂದ ಇನ್ನೊಂದಕ್ಕೆ 100 ಸೆಂಟ್. ತೋಡಿ ರಾಗದ ಗಾಂಧಾರ ಒಂದೇ ಕಡೆ ನಿಲ್ಲುವುದಿಲ್ಲ, ಅದನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರೆ ತೋಡಿಯೇ ಇರುವುದಿಲ್ಲ. ಮೋಹನ ರಾಗಕ್ಕೆ ಅಂತ ಮ, ನಿ ತೆಗೆದು ಸ್ಕೇಲ್ ಕೊಟ್ಟರೂ ಪಂಚಮದಿಂದ ಗಾಂಧಾರಕ್ಕೆ ಜಾರುವಾಗ ದನಿ ಜಾರದೆ ಟಕ್ ಅಂತ ಹಾರುತ್ತದೆ. ಕೆ.ಬಿ.ಆರ್. ಡ್ರಾಮಾ ಕಂಪನಿ ಇದ್ದ ಊರು ಇದು. ರಂಗಗೀತೆಯಲ್ಲಿ ಸ್ವರವನ್ನು ಕೆಳಗಿನಿಂದ ಎಳೆದು ತಂದು ಕೂರಿಸುವುದೇ ಚೆಂದ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸೆಲೆಮೊನಿಯವರ ಮೆಲೊಡೈನ್‌ನಂಥ ಸಾಫ್ಟ್‌ವೇರಿನಲ್ಲಿ ಒಂದೊಂದು ಸ್ವರವೂ ಪರದೆ ಮೇಲೆ ಬೇರೆ ಬೇರೆ ಕಾಣುತ್ತದೆ. ತಪ್ಪಿದ್ದನ್ನಷ್ಟೇ ಮುಟ್ಟಿ, ಗಮಕವನ್ನು ಅದರ ಪಾಡಿಗೆ ಬಿಡಬಹುದು.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಭಜನೆ ಮನೆಯ ಹಳೇ ಹಾರ್ಮೋನಿಯಂನ ‘ಎ’ ಸ್ವರ, ಸಾಫ್ಟ್‌ವೇರ್ ಮಾಮೂಲಿಯಾಗಿ ಲೆಕ್ಕ ಹಿಡಿಯುವ 440 ಹರ್ಟ್ಸ್‌ನಲ್ಲೇ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅದರ ‘ಎ’ 445 ಇದ್ದರೆ ಸುಮಾರು 20 ಸೆಂಟ್ ಮೇಲಿದೆ ಎಂದರ್ಥ. ನೀವು ಸಾಫ್ಟ್‌ವೇರನ್ನು 440ಕ್ಕೆ ಬಿಟ್ಟರೆ, ಸರಿಯಾಗಿ ಹಾಡಿದ ದನಿಯನ್ನು ಅದೇ ಕೆಳಗೆ ಎಳೆದು ಅಪಸ್ವರ ಮಾಡಿ ಕೊಡುತ್ತದೆ! ಬೈಗುಳ ಮಾತ್ರ ಹಾಡಿದವರಿಗೆ. ಹಾರ್ಮೋನಿಯಂ, ತಬಲಾ ಸದ್ದು ದನಿಯ ಮೈಕಿಗೆ ನುಗ್ಗಿದರೂ ಕಷ್ಟವೇ, ಯಾವುದು ದನಿ ಅಂತ ಅದಕ್ಕೆ ಗೊಂದಲ. ಅದಕ್ಕೇ ದನಿಯನ್ನು ಬೇರೆಯಾಗಿ ತೆಗೆದುಕೊಳ್ಳಿ.

ದುಡ್ಡಿನ ಚಿಂತೆ ಈಗಲೇ ಬೇಡ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆ ಸ್ವರ ತಿದ್ದುವ ರಿಯಾಟ್ಯೂನ್ ಬರುತ್ತದೆ, ಅಂಥದ್ದೇ ಜಿಸ್ನ್ಯಾಪ್ ಪುಕ್ಕಟೆ ಸಿಗುತ್ತದೆ, ಆಪಲ್‌ನ ಲಾಜಿಕ್ ಸಾಫ್ಟ್‌ವೇರ್ ಇದ್ದವರಿಗೆ ಫ್ಲೆಕ್ಸ್ ಪಿಚ್ ಒಳಗೇ ಇದೆ. ಕಲಿಯೋಕೆ ಅಷ್ಟು ಸಾಕು. ಮೆಷೀನಿಗೆ ಅಂತ ಇಟ್ಟ ದುಡ್ಡಲ್ಲಿ ಒಳ್ಳೆ ಹೆಡ್‌ಫೋನ್ ತಗೊಳ್ಳಿ, ಕೋಣೆಗೆ ದಪ್ಪ ಪರದೆ ಹಾಕಿಸಿ.

ಸರಿ, ಹಾರ್ಮೋನಿಯಂ ತಂದಿರುವವರು ಮುಂದೆ ಬನ್ನಿ. ಅದರ ‘ಎ’ ಎಷ್ಟಿದೆ ಅಂತ ಈಗಲೇ ಅಳೆದು ನೋಡೋಣ.